ಅರ್ಧ ದೂರದ ಚಂದ್ರ: ಒಂದು ಕಾದಂಬರಿ ಕಟ್ಟುವ ಕೆಲಸದ ಟಿಪ್ಪಣಿ

ಈ ಕಾದಂಬರಿಗಾಗಿ ನಾನು ಬದಲಿಸಿದ್ದು ಚಂದ್ರ ಇರುವ ದೂರವನ್ನು ಮಾತ್ರ. ಭೂಮಿಯಿಂದ ಸರಾಸರಿ 3,84,400 ಕಿಲೋಮೀಟರ್ ಆಚೆ ಸುತ್ತುವ ಚಂದ್ರನನ್ನು 1,92,200 ಕಿಲೋಮೀಟರಿಗೆ ತಂದಿದ್ದೇನೆ. ಉಳಿದದ್ದೆಲ್ಲ ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಇಂದು ಇರುವಂತೆಯೇ ಇದೆ: ತದಡಿಯ ಬಳಿ ಸಮುದ್ರ ಸೇರುವ ಅಘನಾಶಿನಿ, ಅದರ ಬಾಯಿಯಾದ ಅಳಿವೆ, ದಂಡೆಯ ಉಪ್ಪುನೆಲದ ಗಜನಿ ಗದ್ದೆಗಳು, ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ, ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಕಾಂಡ್ಲಾ ಗಿಡಗಳು, ನೀರು ಇಳಿದಾಗ ಕೆಸರಿಗಿಳಿದು ಬೆಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರು.

ಈವರೆಗೆ ನಾನು ಬರೆದದ್ದು ಕಂಡ ಊರು, ಕಂಡ ಜನರ ಕಾದಂಬರಿಗಳು. ಅವುಗಳಲ್ಲಿ ಒಂದು ಮನೆಯ ಬೆಳಗು ಬರೆಯಬೇಕಾದರೆ ನೆನಪು ಕೈಹಿಡಿಯುತ್ತಿತ್ತು. ಒಲೆ ಹೊತ್ತುವುದು ಯಾವಾಗ, ಮೀನು ಮಾರುವವಳು ಬರುವುದು ಯಾವಾಗ ಎಂದು ಲೆಕ್ಕ ಹಾಕಬೇಕಾಗಿರಲಿಲ್ಲ. ‘ಹೀಗಿದ್ದರೆ’ ಎಂಬ ಊಹೆಯ ಮೇಲೆ ನಿಲ್ಲುವ ಕಾದಂಬರಿಯಲ್ಲಿ ಆ ಆಸರೆ ಇಲ್ಲ. ನೀರು ಎಷ್ಟು ಹೊತ್ತಿಗೆ ಏರುತ್ತದೆ ಎಂದು ತಿಳಿಯದೆ ದೋಣಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಬರೆಯಲಾಗದು. ದೋಣಿ ಹೊರಡುವ ಹೊತ್ತು ತಿಳಿಯದೆ ಆ ಮನೆಯಲ್ಲಿ ಅನ್ನ ಬೇಯುವ ಹೊತ್ತು ತಿಳಿಯದು. ಆದ್ದರಿಂದ ಮೊದಲ ವಾಕ್ಯಕ್ಕಿಂತ ಮುಂಚೆ ಅಳತೆ ಮತ್ತು ಲೆಕ್ಕದ ಕೆಲಸ ಹಿಡಿದೆ. ಆ ಕೆಲಸ ಹೇಗೆ ಸಾಗಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ದೂರ ನಿಗದಿ ಮಾಡಿದ್ದು

ಉಬ್ಬರವಿಳಿತದ ಸೆಳೆತ ದೂರದ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ. ಅಂದರೆ ದೂರ ಅರ್ಧವಾದರೆ ಸೆಳೆತ ಎರಡು ಪಟ್ಟಲ್ಲ, ಎಂಟು ಪಟ್ಟು. ಸೂರ್ಯನೂ ಸಮುದ್ರವನ್ನು ಸೆಳೆಯುತ್ತಾನೆ; ಇಂದಿನ ಚಂದ್ರನ ಸೆಳೆತವನ್ನು 1 ಎಂದಿಟ್ಟರೆ ಸೂರ್ಯನದು ಸುಮಾರು 0.46. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಎರಡೂ ಕೂಡುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ಒಂದರಿಂದ ಇನ್ನೊಂದು ಕಳೆಯುತ್ತದೆ. ಹುಣ್ಣಿಮೆಯ ದೊಡ್ಡ ಭರತಕ್ಕೂ, ಅಂದರೆ ಉಬ್ಬರಕ್ಕೂ, ಇಳಿತಕ್ಕೂ ನಡುವಿನ ಅಂತರವನ್ನು ನನ್ನ ಲೆಕ್ಕಕ್ಕಾಗಿ ಒಂದೂವರೆ ಮೀಟರ್ ಎಂದು ಹಿಡಿದೆ.

ಮೂರು ದೂರಗಳನ್ನು ಒರೆಗೆ ಹಚ್ಚಿದೆ. ಚಂದ್ರ ಮೂರನೇ ಎರಡು ಪಾಲು ದೂರದಲ್ಲಿದ್ದರೆ ನೀರು ಸುಮಾರು 4 ಮೀಟರ್ ಏರಿಳಿಯುತ್ತದೆ. ಅಷ್ಟು ಏರಿಳಿತ ಇಂದಿನ ಭೂಮಿಯ ಎಷ್ಟೋ ಕಡಲತೀರಗಳಲ್ಲಿದೆ, ಅದಕ್ಕಾಗಿ ಚಂದ್ರನನ್ನು ಕದಲಿಸುವ ಅಗತ್ಯವೇ ಇಲ್ಲ. ಮೂರನೇ ಒಂದು ಪಾಲಿಗೆ ತಂದರೆ 28 ಮೀಟರ್. ಆಗ ಅಳಿವೆಯೂ ಉಳಿಯದು, ಅದರ ಜನರೂ ಉಳಿಯರು, ಪ್ರಳಯವೊಂದೇ ಉಳಿಯುತ್ತದೆ. ನನಗೆ ಬೇಕಾದದ್ದು ಪ್ರಳಯವಲ್ಲ, ಕಷ್ಟಪಟ್ಟಾದರೂ ಬದುಕು ಸಾಗುವ ಊರು. ಅರ್ಧ ದೂರದಲ್ಲಿ ಏರಿಳಿತ ಸುಮಾರು 8.7 ಮೀಟರ್. ಈ ಮಟ್ಟದ ನೀರಿನ ಜೊತೆ ಮನುಷ್ಯರು ಬಾಳುತ್ತಿರುವುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ದೊಡ್ಡ ಭರತ ಇದಕ್ಕಿಂತಲೂ ಎತ್ತರ ಏರುತ್ತದೆ. ಇಳಿತದಲ್ಲೂ ಹಡಗು ತೇಲುತ್ತಿರಲೆಂದು ಭಾವನಗರದ ಬಂದರಿನಲ್ಲಿ ಲಾಕ್ ಗೇಟ್ ಕಟ್ಟಿ ನೀರು ಹಿಡಿದಿಡುತ್ತಾರೆ; ಒಡೆಯಲು ತಂದ ಹಡಗುಗಳನ್ನು ಅಲಂಗ್‌ನಲ್ಲಿ ದೊಡ್ಡ ಭರತದ ಹೊತ್ತು ನೋಡಿ ದಡಕ್ಕೆ ಏರಿಸುತ್ತಾರೆ. ಹಾಗಾಗಿ ಅರ್ಧ ದೂರವೇ ನಿಂತಿತು.

ಎರಡು ವಿನಾಯಿತಿಗಳನ್ನು ಇಟ್ಟುಕೊಂಡೆ. ಚಂದ್ರನ ಸೆಳೆತ ಭೂಮಿಯ ತಿರುಗುವಿಕೆಯನ್ನು ನಿಧಾನಗೊಳಿಸುತ್ತದೆ, ಅದರ ಫಲವಾಗಿ ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿ ಪ್ರತಿಫಲಕ ಇಟ್ಟು ಬಂದ ಮೇಲೆ ಇದನ್ನು ಲೇಸರ್ ಕಿರಣದಿಂದ ಅಳೆಯಲು ಸಾಧ್ಯವಾಯಿತು. ಹತ್ತಿರದ ಚಂದ್ರ ಯುಗಯುಗಗಳಿಂದ ಅಲ್ಲೇ ಇದ್ದಿದ್ದರೆ ನಮ್ಮ ದಿನದ ಉದ್ದವೂ ಬೇರೆಯಾಗಬೇಕಿತ್ತು. ದಿನ 24 ಗಂಟೆಯೇ ಇರಲಿ ಎಂಬುದು ಮೊದಲ ವಿನಾಯಿತಿ. ಅಲೆಗಳು ಕರಾವಳಿಯನ್ನು ಕೊರೆದು ಗುರುತು ಸಿಗದಂತೆ ಮಾಡದಿರಲಿ ಎಂಬುದು ಎರಡನೆಯದು. ಮೂರನೆಯದನ್ನು ಕೇಳುವುದಿಲ್ಲ ಎಂದು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಬರೆದೆ. ಊಹೆಗೆ ಎಲ್ಲಿಯೂ ತಡೆಯಿಲ್ಲದಿದ್ದರೆ ಓದುಗರಿಗೆ ಯಾವುದರ ಭಯವೂ ಹುಟ್ಟದು.

ರಟ್ಟಿನ ಚಕ್ರ

ಬರೆಯುವಾಗ ಪ್ರತಿ ದೃಶ್ಯಕ್ಕೂ ಗಣಿತಕ್ಕೆ ಕೂರುವುದು ಆಗದ ಮಾತು. ಕೈಯಲ್ಲಿ ತಿರುಗಿಸಿ ನೋಡುವಂಥದ್ದೊಂದು ಬೇಕಿತ್ತು. ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟಿನಲ್ಲಿ ಎರಡು ವೃತ್ತ ಕತ್ತರಿಸಿದೆ. ಕೆಳಗಿನ ದೊಡ್ಡ ವೃತ್ತಕ್ಕೆ ಗಂಟೆಗೆ 15 ಡಿಗ್ರಿಯಂತೆ 24 ಗಂಟೆಗಳನ್ನು ಬರೆದೆ. ಅದರ ಮೇಲಿನ ಸಣ್ಣ ವೃತ್ತಕ್ಕೆ ತಿಥಿಗೆ 12 ಡಿಗ್ರಿಯಂತೆ 30 ತಿಥಿಗಳು. ತಿಥಿ ಎಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯಲು ಬೇಕಾದ ಕಾಲವಾದ್ದರಿಂದ ಪಂಚಾಂಗವೇ ಅರ್ಧ ಕೆಲಸ ಮಾಡಿಟ್ಟಿತ್ತು. ಎಲ್ಲಕ್ಕಿಂತ ಮೇಲೆ, ಪಠ್ಯಪುಸ್ತಕಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಪಟ್ಟಿ. ಅದರ ಎರಡು ತುದಿಗೂ ಕೆಂಪು ಶಾಯಿಯಲ್ಲಿ ‘ಭರತ’ ಎಂದು ಬರೆದೆ. ಭರತ ಏಕಕಾಲಕ್ಕೆ ಚಂದ್ರನ ಕಡೆಗೂ ಅದರ ಎದುರು ಕಡೆಗೂ ಏರುವುದರಿಂದ ಎರಡು ತುದಿ. ನಡುವೆ ಅಂಗಿಯ ಪ್ರೆಸ್ ಗುಂಡಿ ಒತ್ತಿದರೆ ಮೂರೂ ಬೇರೆಬೇರೆಯಾಗಿ ತಿರುಗುತ್ತವೆ.

ತಿಥಿ ನೋಡಿ ಭರತದ ಹೊತ್ತು ಹೇಳುವುದು ಕರಾವಳಿಯ ಮೀನುಗಾರರಿಗೆ ಹೊಸದೇನೂ ಅಲ್ಲ. ಇಂದಿನ ಚಂದ್ರನಿಗೆ ಪಟ್ಟಿಯನ್ನು ದಿನಕ್ಕೆ 12 ಡಿಗ್ರಿ, ಅಂದರೆ ಒಂದು ತಿಥಿಯಷ್ಟು, ತಿರುಗಿಸಬೇಕು; ಭರತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನನ್ನ ಚಂದ್ರ ಭೂಮಿಯನ್ನು 9.66 ದಿನಕ್ಕೊಮ್ಮೆ ಸುತ್ತುತ್ತಾನೆ, ಹುಣ್ಣಿಮೆಯಿಂದ ಹುಣ್ಣಿಮೆಗೆ 9.92 ದಿನ. ಪಟ್ಟಿ ದಿನಕ್ಕೆ 36 ಡಿಗ್ರಿ ಓಡುತ್ತದೆ, ಭರತ ದಿನಕ್ಕೆ 2 ಗಂಟೆ 41 ನಿಮಿಷ ತಡವಾಗುತ್ತದೆ. ಆದರೆ ತಿಥಿಗೂ ಭರತದ ಗಂಟೆಗೂ ಇರುವ ನಂಟು ಮಾತ್ರ ಕದಲುವುದಿಲ್ಲ. ಷಷ್ಠಿಯಲ್ಲಿ ಯಾವ ಗಂಟೆಗೆ ನೀರು ತುಂಬುತ್ತದೆಯೋ ಆ ಲೋಕದಲ್ಲೂ ಷಷ್ಠಿಯಲ್ಲಿ ಅದೇ ಗಂಟೆಗೆ ತುಂಬುತ್ತದೆ. ಇದು ತಿಳಿದಾಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ನಮ್ಮ ಮೀನುಗಾರರ ಜ್ಞಾನ ಆ ಲೋಕದಲ್ಲೂ ಸಲ್ಲುತ್ತದೆ.

ತಿಥಿಯ ವೃತ್ತವನ್ನು ಬೇರೆಯಾಗಿ ತಿರುಗುವಂತೆ ಮಾಡಿದ್ದಕ್ಕೆ ಕಾರಣವಿದೆ. ಚಂದ್ರ ನೆತ್ತಿಗೆ ಬಂದ ಕ್ಷಣಕ್ಕೇ ಭರತ ತುಂಬುವುದಿಲ್ಲ, ಒಂದೊಂದು ಬಂದರಿಗೂ ಅದರದೇ ಆದ ವ್ಯತ್ಯಾಸ ಇರುತ್ತದೆ. ಅಳಿವೆಯ ಬಾಯಿಯಲ್ಲಿ ತುಂಬಿದ ನೀರು ಒಳಗಿನ ಮಿರ್ಜಾನಿನ ಕಡೆಗೆ ಬರುವಷ್ಟರಲ್ಲಿ ಇನ್ನೂ ತಡ. ಆ ತಡವನ್ನು ವೃತ್ತ ತಿರುಗಿಸಿ ಹೊಂದಿಸಿಕೊಳ್ಳುತ್ತೇನೆ.

ಪಂಚಾಂಗ ಬಿಚ್ಚಿ ಮತ್ತೆ ಜೋಡಿಸಿದ್ದು

ಈ ಕಾದಂಬರಿ ನನ್ನದಾದದ್ದು ಇಲ್ಲಿ.

ಹತ್ತು ದಿನಕ್ಕೆ ಮೂವತ್ತು ತಿಥಿಗಳು ಕಳೆದುಹೋಗಬೇಕಾದರೆ ಒಂದು ತಿಥಿಗೆ 7 ಗಂಟೆ 56 ನಿಮಿಷ. ದಿನಕ್ಕೆ ಮೂರು ತಿಥಿ! ನಮ್ಮಲ್ಲಿ ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ. ಯಾವ ಸೂರ್ಯೋದಯವನ್ನೂ ಮುಟ್ಟದೆ ಬಂದು ಹೋಗುವ ತಿಥಿ ಕ್ಷಯತಿಥಿ. ಇಂದು ಅಪರೂಪಕ್ಕೆ ಬರುವ ಕ್ಷಯತಿಥಿ ಆ ಲೋಕದಲ್ಲಿ ಮೂರಕ್ಕೆ ಎರಡು. ಒಂದು ದಿನ ಸೂರ್ಯೋದಯಕ್ಕೆ ಪಾಡ್ಯವಿದ್ದರೆ ಮರುದಿನ ಚೌತಿ, ಆಮೇಲೆ ಸಪ್ತಮಿ, ದಶಮಿ, ತ್ರಯೋದಶಿ, ಮತ್ತೆ ಇನ್ನೊಂದು ಪಕ್ಷದ ಪಾಡ್ಯ. ಏಕಾದಶಿ ಬರುತ್ತದೆ, ಆದರೆ ಉದಯವನ್ನು ಕಾಣದೆ ಮಧ್ಯಾಹ್ನವೋ ನಡುರಾತ್ರಿಯೋ ಬಂದು ಹೋಗುತ್ತದೆ.

ಇಲ್ಲಿ ನಿಲ್ಲದೆ ಇನ್ನೊಂದು ಮೆಟ್ಟಿಲು ಇಳಿದೆ. ಮೂರು ತಿಥಿಗಳು ಸೇರಿದರೆ ಪೂರ್ತಿ ದಿನವಾಗುವುದಿಲ್ಲ, ಸುಮಾರು 11 ನಿಮಿಷ ಕಡಿಮೆ. ಈ 11 ನಿಮಿಷ ದಿನದಿನಕ್ಕೂ ಕೂಡುತ್ತಾ ಹೋಗಿ, ಹೆಚ್ಚುಕಡಿಮೆ ಆರು ವಾರಕ್ಕೆ ಒಂದು ತಿಥಿಯಷ್ಟಾಗುತ್ತದೆ. ಆಗ ಪಾಡ್ಯ, ಚೌತಿ, ಸಪ್ತಮಿಗಳ ಸಾಲು ಉದಯದಿಂದ ಜಾರಿ, ಬಿದಿಗೆ, ಪಂಚಮಿ, ಅಷ್ಟಮಿ, ಏಕಾದಶಿಗಳ ಸಾಲು ಬರುತ್ತದೆ. ಹೀಗಾಗಿ ಏಕಾದಶಿಗೆ ಸೂರ್ಯೋದಯ ಸಿಗುವುದು ಸುಮಾರು ಆರು ವಾರ. ಆಮೇಲೆ ಹನ್ನೆರಡು ವಾರ ಇಲ್ಲವೇ ಇಲ್ಲ. ಮಳೆಗಾಲ, ಚಳಿಗಾಲಗಳ ಹಾಗೆ ಏಕಾದಶಿಗೂ ಒಂದು ಕಾಲ!

ನನ್ನ ಪಾತ್ರಗಳು ಉಪವಾಸ ಮಾಡುವುದು ಯಾವಾಗ? ಇದಕ್ಕೆ ಉತ್ತರ ಹುಡುಕುವಾಗ ಒಂದು ಊರಿನ ಎರಡು ಮತ ಹುಟ್ಟಿದವು. ಒಂದು ಮನೆತನ ಉದಯದ ಏಕಾದಶಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಅದರ ಕಾಲದಲ್ಲಿ ಐದು ದಿನಕ್ಕೊಮ್ಮೆ ಇಡೀ ದಿನ ಉಪವಾಸ ಮಾಡುತ್ತದೆ, ಉಳಿದ ಹನ್ನೆರಡು ವಾರ ಮಾಡುವುದಿಲ್ಲ. ಇನ್ನೊಂದು ಮನೆತನ ವರ್ಷವಿಡೀ, ಏಕಾದಶಿ ಇರುವ ಎಂಟು ಗಂಟೆ ಮಾತ್ರ ಬಾಯಿಗೆ ನೀರು ಹಾಕುವುದಿಲ್ಲ. ನಿದ್ದೆಯ ಹೊತ್ತಿಗೆ ಬಿದ್ದ ಏಕಾದಶಿ ಉಪವಾಸವೆನಿಸುತ್ತದೆಯೇ ಎಂಬ ಜಗಳ ಮೂರು ತಲೆಮಾರಿನಿಂದ ನಡೆದಿದೆ. ಈ ಎರಡು ಮನೆಗಳ ನಡುವೆ ಒಂದು ಹೆಣ್ಣು ತಂದುಕೊಳ್ಳುವ ಮಾತು ಬಂದಾಗ ಕಥೆ ತಾನಾಗಿ ಎದ್ದು ನಡೆಯಿತು.

ತಿಂಗಳುಗಳೂ ಬದಲಾದವು. ವರ್ಷಕ್ಕೆ 36.8 ಚಾಂದ್ರಮಾಸ. ಸೂರ್ಯ ಒಂದು ಮಾಸದಲ್ಲಿ ಸರಿಯುವುದು ಸುಮಾರು 10 ಡಿಗ್ರಿ, ರಾಶಿಯ ಮೂರನೇ ಒಂದು ಪಾಲು. ಜ್ಯೋತಿಷ್ಯದಲ್ಲಿ ಈ ಪಾಲಿಗೆ ದ್ರೇಕ್ಕಾಣ ಎಂಬ ಹೆಸರು ಮೊದಲೇ ಇದೆ. ಹನ್ನೆರಡು ರಾಶಿಗೆ ಮೂವತ್ತಾರು. ಸಂಕ್ರಾಂತಿಯ ಬದಲು ದ್ರೇಕ್ಕಾಣದ ಸಂಕ್ರಮಣ ಹಿಡಿದು ತಿಂಗಳುಗಳನ್ನು ಎಣಿಸಿದರೆ ಐದು ವರ್ಷಗಳಲ್ಲಿ ನಾಲ್ಕರಲ್ಲಿ ಅಧಿಕಮಾಸ ಬೀಳುತ್ತದೆ. ಅಧಿಕವಿಲ್ಲದ ಐದನೆಯ ವರ್ಷವೇ ಅಲ್ಲಿ ವಿಶೇಷ, ಮದುವೆಗಳನ್ನು ಅದಕ್ಕೆ ಕಾದಿಡುತ್ತಾರೆ. ಮೂವತ್ತಾರು ಹೆಸರುಗಳನ್ನು ನದಿಯ ಕೆಲಸಗಳಿಂದ ಕೊಟ್ಟೆ: ಒಡ್ಡು ತಿಂಗಳು, ಮೊಳಕೆ ತಿಂಗಳು, ಕೊಯ್ಲು ತಿಂಗಳು, ಸೀಗಡಿ ತಿಂಗಳು.

ಅರ್ಧ ಮೀಟರಿನ ನೆಲ

ಎಲ್ಲಕ್ಕಿಂತ ದೊಡ್ಡ ಆತಂಕ ಗಜನಿಯದು. ಗಜನಿ ಎಂದರೆ ಭರತದ ನೀರನ್ನು ಒಡ್ಡು ಹಾಕಿ ತಡೆದ, ತಗ್ಗಾದ ಉಪ್ಪು ಭೂಮಿ. ಮಳೆಗಾಲದಲ್ಲಿ ಮಳೆಯ ನೀರು ಉಪ್ಪನ್ನು ತೊಳೆದಾಗ ಕಗ್ಗ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ತೂಬಿನ ಹಲಗೆ ತೆಗೆದು ಭರತದ ನೀರನ್ನು ಒಳಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. 8.7 ಮೀಟರ್ ಏರಿಳಿಯುವ ನೀರಿಗೆ ಯಾವ ಮಣ್ಣಿನ ಒಡ್ಡು ತಡೆದೀತು? ಗಜನಿ ಹೋದರೆ ಕಗ್ಗ ಹೋಯಿತು, ಕಗ್ಗ ಹೋದರೆ ನನಗೆ ಕಾದಂಬರಿಯೇ ಬೇಡ.

ಉತ್ತರ ಸಿಕ್ಕಿದ್ದು ಸೂರ್ಯನಿಂದ. ಹುಣ್ಣಿಮೆಯ ಭರತ ಮುಟ್ಟುವ ಎತ್ತರಕ್ಕೂ ಅಷ್ಟಮಿಯ ಭರತ ಮುಟ್ಟುವ ಎತ್ತರಕ್ಕೂ ನಡುವೆ ಒಂದು ಪಟ್ಟಿ ನೆಲವಿರುತ್ತದೆ. ಅಷ್ಟಮಿಯ ನೀರು ಅದನ್ನು ಮುಟ್ಟುವುದಿಲ್ಲ, ಹುಣ್ಣಿಮೆ, ಅಮಾವಾಸ್ಯೆಯ ನೀರು ಮುಟ್ಟುತ್ತದೆ. ಈ ಪಟ್ಟಿಯ ಎತ್ತರ ಎಷ್ಟು? ಒಂದು ಕಡೆ ಚಂದ್ರನಿಗೆ ಸೂರ್ಯನನ್ನು ಕೂಡಿಸಿದ್ದು, ಇನ್ನೊಂದು ಕಡೆ ಚಂದ್ರನಿಂದ ಸೂರ್ಯನನ್ನು ಕಳೆದದ್ದು. ಎರಡರ ನಡುವಿನ ವ್ಯತ್ಯಾಸದಲ್ಲಿ ಚಂದ್ರ ಹೊಡೆದುಹೋಗುತ್ತಾನೆ, ಸೂರ್ಯನ ಎರಡು ಪಾಲು ಮಾತ್ರ ಉಳಿಯುತ್ತದೆ. ಸೂರ್ಯ ಇದ್ದಲ್ಲೇ ಇದ್ದಾನೆ. ಚಂದ್ರನನ್ನು ನಾನು ಎಲ್ಲಿಗೇ ಎಳೆದು ತಂದರೂ ಆ ಪಟ್ಟಿಯ ಎತ್ತರ ಬದಲಾಗದು, ಇಂದಿನಂತೆಯೇ ಅರ್ಧ ಮೀಟರಿಗೆ ತುಸು ಕಡಿಮೆ. ಬದಲಾಗುವುದು ಅದು ಇರುವ ಜಾಗ: ಇಂದಿಗಿಂತ 3.6 ಮೀಟರ್ ಮೇಲೆ. ಅಲ್ಲಿ ಆಳೆತ್ತರದ ಒಡ್ಡೂ ಬೇಕಾಗಿಲ್ಲ, ಸೊಂಟದೆತ್ತರದ್ದು ಸಾಕು.

ಹಾಳೆಯ ಮೇಲಿನ 3.6 ಮೀಟರನ್ನು ನೆಲದ ಮೇಲೆ ಕಾಣದೆ ಬರೆಯಲು ಮನಸ್ಸಾಗಲಿಲ್ಲ. ಗಾರೆ ಕೆಲಸದ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಒಂದು ಗಜನಿಯ ಒಡ್ಡಿಗೆ ಹೋದೆ. ಅವರು ತಂದದ್ದು ಮಟ್ಟ ನೋಡುವ ಪಾರದರ್ಶಕ ಪೈಪು. ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ಪೈಪನ್ನು ಎತ್ತಿ ಬಾಗಿಸಿ ನೀರು ತುಂಬಿದರು. ಒಡ್ಡಿನ ಕಲ್ಲಿನಲ್ಲಿ ಹುಣ್ಣಿಮೆಯ ನೀರು ಬಿಟ್ಟುಹೋದ ಪಾಚಿಯ ಗೆರೆಗೆ ಒಂದು ತುದಿಯ ನೀರನ್ನು ಸಮ ಮಾಡಿ ನಾನು ಹಿಡಿದುಕೊಂಡೆ. ಅವರು ಇನ್ನೊಂದು ತುದಿ ಹಿಡಿದು ದಡ ಹತ್ತಿ, ನೀರು ನಿಂತ ಮಟ್ಟಕ್ಕೆ ಒಂದು ಗೂಟ ಹೊಡೆದು, ಅದರಿಂದ 1.2 ಮೀಟರ್ ಮೇಲಕ್ಕೆ ಸೀಮೆಸುಣ್ಣದ ಗುರುತು ಹಾಕಿದರು. ಆ ಗುರುತಿಗೆ ನಾನು ಹೋದೆ, ಅವರು ಮತ್ತೆ ಮೇಲಕ್ಕೆ. ಮೂರು ಸಲ ಹೀಗೆ ಏರಿದಾಗ ದಡದ ಮನೆಗಳ ಮಾಡಿನ ಅಂಚು ಕೆಳಗೆ ಉಳಿದಿತ್ತು, ನಾವು ಗೇರುಬೆಟ್ಟದ ಬುಡದಲ್ಲಿ ಕೆಂಪು ಜಂಬಿಟ್ಟಿಗೆಯ ಮೇಲೆ ನಿಂತಿದ್ದೆವು. ‘ಇಲ್ಲಿ ಏನು ಕಟ್ಟಿಸುತ್ತೀರಿ ಸ್ವಾಮಿ?’ ಎಂದು ಮೇಸ್ತ್ರಿ ಕೇಳಿದರು. ಭತ್ತದ ಗದ್ದೆ ಎಂದೆ. ಅವರು ಬಗ್ಗಿ ಮಣ್ಣು ಕೆರೆದು ನೋಡಿ, ‘ಮಣ್ಣು ಹೊತ್ತು ತಂದು ಹಾಕಬೇಕಾಗುತ್ತದೆ’ ಎಂದರು. ಆ ಒಂದು ಮಾತಿನಿಂದ ಕಾದಂಬರಿಯ ಎರಡನೆಯ ಭಾಗ ಹುಟ್ಟಿತು. ಇಳಿತದಲ್ಲಿ ಬತ್ತಿದ ಅಳಿವೆಯಿಂದ ಕೆಸರು ಹೊತ್ತು ಜಂಬಿಟ್ಟಿಗೆಯ ಮೇಲೆ ಹರಡಿ, ತಲೆಮಾರುಗಟ್ಟಲೆ ಗದ್ದೆ ಮಾಡಿಕೊಂಡ ಜನ ಅವರು. ಅಲ್ಲಿ ಆಸ್ತಿಯನ್ನು ಗುಂಟೆಯಲ್ಲಿ ಅಳೆಯುವುದಿಲ್ಲ, ಹೊತ್ತ ಬುಟ್ಟಿಗಳಲ್ಲಿ ಅಳೆಯುತ್ತಾರೆ.

ಬೆಳಚಿನ ಅಧ್ಯಾಯ

ಸಮುದ್ರಯಾನದಲ್ಲಿ ಬಳಸುವ ಒಂದು ಸುಲಭ ಲೆಕ್ಕವಿದೆ. ಇಳಿತದಿಂದ ಭರತದವರೆಗಿನ ಹೊತ್ತನ್ನು ಆರು ಪಾಲು ಮಾಡಿದರೆ ನೀರು ಕ್ರಮವಾಗಿ ಹನ್ನೆರಡರಲ್ಲಿ 1, 2, 3, 3, 2, 1 ಭಾಗ ಏರುತ್ತದೆ. ನನ್ನ ಲೋಕದಲ್ಲಿ ಒಂದು ಪಾಲೆಂದರೆ ಸುಮಾರು 67 ನಿಮಿಷ. ಮೂರನೆಯ ಪಾಲಿನಲ್ಲಿ ನೀರು ಎರಡು ಮೀಟರಿಗೂ ಮೀರಿ ಏರುತ್ತದೆ. ಮಂಡಿಯ ನೀರು ಎದೆಗೆ ಬರಲು ಅರ್ಧ ಗಂಟೆಯೂ ಬೇಡ. ಬೆಳಚು ಆರಿಸುವ ಹೆಂಗಸರು ದಡದಿಂದ ಎಷ್ಟು ದೂರ ಹೋಗಬಹುದು, ಎಷ್ಟು ಹೊತ್ತಿಗೆ ತಿರುಗಬೇಕು ಎಂಬುದನ್ನೆಲ್ಲ ಈ ಆರು ಅಂಕಿಗಳು ಹೇಳಿದವು. ಈಗಿನ ಕರಡಿನಿಂದ ಒಂದು ತುಣುಕು:

‘ಅತ್ತೆ ಬುಟ್ಟಿ ಎತ್ತಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಕೆಸರಿನಲ್ಲಿ ಒಂದು ಗೆರೆ ಎಳೆದು ಅದನ್ನೇ ನೋಡುತ್ತ ನಿಂತರು. ಗೆರೆಯೊಳಗೆ ನೀರು ಒಸರಿತು.

“ದೇವಿ, ಸಾಕು, ಏಳು.”

“ಇನ್ನು ನಾಲ್ಕು ಹಿಡಿ ಆರಿಸುತ್ತೇನೆ ಅತ್ತೆ, ಬುಟ್ಟಿಗೆ ಅಂಚು ಬಂದಿಲ್ಲ.”

“ಅಂಚು ನಾಳಿನ ಚೌತಿಗೆ ಬರುತ್ತದೆ ತಂಗಿ. ಇವತ್ತಿನ ಪಾಡ್ಯದ ನೀರಿಗೆ ನಾವು ಯಾರೂ ಅಲ್ಲ.”’

‘ಅಂಚು ಬರುವುದು’ (ಎಂದರೆ ಬುಟ್ಟಿ ತುಂಬುವುದು), ‘ನಾಳಿನ ಚೌತಿ’, ಇವು ಚಕ್ರದಿಂದ ಬಂದವು. ಕೆಸರಿನಲ್ಲಿ ಗೆರೆ ಎಳೆದು ನೋಡುವ ಅತ್ತೆ ಮಾತ್ರ ಯಾವ ಲೆಕ್ಕಕ್ಕೂ ಸಿಗದೆ ಬಂದವರು. ಲೆಕ್ಕ ಸರಿಯಾಗಿ ಕೂತ ಮೇಲೆ ಬಂದರು ಎಂದಷ್ಟೇ ಹೇಳಬಲ್ಲೆ. ಚಂದ್ರನ ದೂರ ಒಬ್ಬ ಹೆಂಗಸಿನ ಹೆಬ್ಬೆರಳಿನವರೆಗೆ ಇಳಿದು ಬರುವ ತನಕ ಈ ಬಗೆಯ ಕಾದಂಬರಿ ಕಾದಂಬರಿಯಾಗುವುದಿಲ್ಲ ಎಂದು ನಾನು ನಂಬಿದ್ದೇನೆ.

ಬಾಕಿ ಉಳಿದದ್ದು: ಗ್ರಹಣ

1980ರ ಫೆಬ್ರವರಿ 16ರಂದು ಅಂಕೋಲಾದ ಮೇಲೆ ಸಂಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಆಗಿನ ಪೂರ್ಣ ಕತ್ತಲು ಕೆಲವೇ ನಿಮಿಷಗಳದ್ದು. ನನ್ನ ಚಂದ್ರ ಸೂರ್ಯನ ಎರಡರಷ್ಟು ಅಗಲ ಕಾಣುತ್ತಾನೆ. ಅವನ ಪೂರ್ಣ ನೆರಳು ಸಾವಿರದೇಳುನೂರು ಕಿಲೋಮೀಟರಿನ ಆಸುಪಾಸು ಅಗಲವಿದ್ದು, ಇಡೀ ಕರ್ನಾಟಕ ಒಮ್ಮೆಗೇ ಅದರೊಳಗೆ ಮುಳುಗುತ್ತದೆ. ನಡುವೆ ಸಿಕ್ಕ ಊರಿಗೆ ಕತ್ತಲು ಹೆಚ್ಚುಕಡಿಮೆ ಅರ್ಧ ಗಂಟೆ.

ಸೂರ್ಯಗ್ರಹಣ ಹಿಡಿಯುವುದು ಅಮಾವಾಸ್ಯೆಗೆ, ಆದ್ದರಿಂದ ಅದು ಯಾವಾಗಲೂ ದೊಡ್ಡ ಭರತದ ದಿನವೇ. ಚಕ್ರ ತಿರುಗಿಸಿ ನೋಡಿದೆ: ಬೆಳಿಗ್ಗೆ ಹಿಡಿದರೆ ಅದು ನೀರು ಏರುವ ನಡುಗಾಲ, ಮೂರನೆಯ ಪಾಲು. ಗ್ರಹಣದ ದಿನ ಊರಿನ ಯಾರೂ ಅಳಿವೆಗೆ ಇಳಿಯುವುದಿಲ್ಲ. ಹಾಗಾಗಿ ಸಾಲದಲ್ಲಿರುವ ದೇವಿಗೆ ಇಡೀ ಕೆಸರು ತನ್ನದೊಬ್ಬಳದೇ. ಅವಳು ಇಳಿಯುತ್ತಾಳೆ ಎಂಬುದು ನಿಶ್ಚಯವಾಗಿದೆ. ಕತ್ತಲಲ್ಲಿ ಅವಳಿಗೆ ದಡದ ದಿಕ್ಕು ತೋರಿಸಲು ಅತ್ತೆ ಒಡ್ಡಿನ ಮೇಲೆ ನಿಂತು ಜಾಗಟೆ ಬಾರಿಸುತ್ತಾರೆ ಎಂಬುದೂ ನಿಶ್ಚಯ. ಹಸಿ ಕೆಸರು, ಏರುತ್ತಿರುವ ನೀರಿನ ಮೇಲೆ ಜಾಗಟೆಯ ಸದ್ದು ಎಷ್ಟು ದೂರ ಕೇಳುತ್ತದೆ, ಕಾಂಡ್ಲಾ ಗಿಡಗಳಿಗೆ ತಾಗಿ ದಿಕ್ಕು ತಪ್ಪಿಸುತ್ತದೆಯೇ ಎಂಬುದನ್ನು ಕಿವಿಯಾರೆ ಕೇಳದೆ ಆ ಅಧ್ಯಾಯ ಮುಟ್ಟುವುದಿಲ್ಲ. ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ಜಾಗಟೆ ಹೊಂದಿಸಿಕೊಂಡಿದ್ದೇನೆ. ಬಾರಿಸಲು ಮೇಸ್ತ್ರಿ ಒಪ್ಪಿದ್ದಾರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೆಸರಿನಲ್ಲಿ ನಡೆಯುವುದು ನಾನು.